ಅಗ್ಗದ ಬಂದೂಕು ಕೇಳಿ ಬಂದ ಅಳಿಯನಿಗೆ

ಅಳಿಯಾ, ಮೊನ್ನೆ ಮನೆಗೆ ಬಂದವನು ಚಹಾ ಆರಿ ತಣ್ಣಗಾದರೂ ಮೊಬೈಲ್ ಕೆಳಗಿಡಲಿಲ್ಲ. ಅದರಲ್ಲಿ ಅಮೆರಿಕದ ಒಬ್ಬಾತ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದ. ಹೆಣ್ಣು ಟರ್ಕಿ ಕೋಳಿಯ ಹಾಗೆ ಕೂಗಿ ಹುಂಜವನ್ನು ಹತ್ತಿರ ಕರೆದ, ಒಂದೇ ಏಟಿಗೆ ಕೆಡವಿದ. ‘ಮಾವಾ, ನಮ್ಮ ಹೊಲಕ್ಕೂ ಇಂಥದೊಂದು ಬಂದೂಕು ಬೇಕು, ಕಮ್ಮಿ ರೊಕ್ಕದಾಗ ಯಾವುದು ಚಲೋ?’ ಅಂತ ಕೇಳಿದೆ. ಜನರ ನಡುವೆ ಹೇಳಲಾರದ ಮಾತು ಕೆಲವು ಇದ್ದವು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಿನ್ನ ಸಂಕಟ ನನಗೆ ಗೊತ್ತು. ಡಣನಾಯಕನಕೆರೆ ಕಡೆಯ ನಿನ್ನ ಹೊಲ ಗುಡ್ಡಕ್ಕೆ ಅಂಟಿಕೊಂಡಿದೆ. ಬಿತ್ತಿದ ಶೇಂಗಾ ಬೀಜವನ್ನು ನವಿಲು ಕೆದರಿ ತಿಂದವು. ಉಳಿದದ್ದು ಕಾಯಿ ಕಟ್ಟಿದಾಗ ಹಂದಿ ಹಿಂಡು ಬಂದು, ಟ್ರ್ಯಾಕ್ಟರ್ ಹೊಡೆದಂತೆ ಉತ್ತು ಹೋಯಿತು. ಸಾಲ ತಂದು ಬಿತ್ತಿದವನ ಹೊಟ್ಟೆಯುರಿ ಇನ್ನೊಬ್ಬ ರೈತನಿಗೇ ತಿಳಿಯುವುದು. ಹಾಗಂತ ಹೊಟ್ಟೆಯುರಿಯಲ್ಲಿ ಬಂದೂಕು ಕೊಳ್ಳಬಾರದು.

ಮೊದಲು ನವಿಲಿನ ಮಾತು ಮುಗಿಸುತ್ತೇನೆ. ಅಮೆರಿಕದವನ ಟರ್ಕಿ ಬೇರೆ, ನಮ್ಮ ನವಿಲು ಬೇರೆ. 1930ರ ದಶಕದ ಹೊತ್ತಿಗೆ ಅಲ್ಲಿಯ ಎಷ್ಟೋ ರಾಜ್ಯಗಳಲ್ಲಿ ಕಾಡು ಟರ್ಕಿಯೇ ಇಲ್ಲವಾಗಿತ್ತು. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದು, ಉದ್ದ ಬಂದೂಕು ಮತ್ತು ತೋಟಾಗಳ ಮೇಲಿನ ನೂರಕ್ಕೆ 11ರ ತೆರಿಗೆಯನ್ನು ಕಾಡುಪ್ರಾಣಿಗಳ ರಕ್ಷಣೆಗೇ ಕಟ್ಟಿಟ್ಟರು. ಇದ್ದ ಕಡೆಯಿಂದ ಹಕ್ಕಿ ಹಿಡಿದು ಇಲ್ಲದ ಕಡೆ ಬಿಟ್ಟು ಬೆಳೆಸಿದರು. ನೀನು ನೋಡಿದವನು ಲೈಸೆನ್ಸು ಪಡೆದು, ಗೊತ್ತಾದ ಋತುವಿನಲ್ಲಿ, ಲೆಕ್ಕದ ಹಕ್ಕಿ ಹೊಡೆಯುವವನು. ನಮ್ಮಲ್ಲಿ 1963ರಿಂದ ನವಿಲು ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಅದರ ಹೆಸರಿದೆ. ಹೊಡೆದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲು, ಏಳರ ತನಕವೂ ಹೋದೀತು, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಕಾಯ್ದೆ ಒತ್ತಟ್ಟಿಗಿರಲಿ, ಸಂಡೂರಿನ ಕುಮಾರಸ್ವಾಮಿಗೆ ಕೈಮುಗಿದು ಬಂದು ಅವನ ವಾಹನಕ್ಕೇ ಗುರಿ ಇಡುತ್ತೀಯಾ? ಹಬ್ಬದ ಬೇಟೆ ಅಂತ ಗೆಳೆಯರು ಕರೆದಾರು. ಮೊಲ, ಕೌಜುಗ ಕೂಡ ರಕ್ಷಣೆಯ ಪಟ್ಟಿಯಲ್ಲೇ ಇವೆ, ಹೋಗಬೇಡ. ನಮ್ಮ ಸೀಮೆಯ ಅಣೆಕಟ್ಟಿನ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿನ ಮೇಲೂ ಕಣ್ಣು ಹಾಕಬೇಡ. ಪಕ್ಕದ ಅಂಕಸಮುದ್ರದ ಕೆರೆ 2024ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿದ್ದು ಇಂಥ ನೀರುಹಕ್ಕಿಗಳ ಪುಣ್ಯದಿಂದ.

ಇನ್ನು ಹಂದಿ. ಬೆಳೆ ಹಾಳು ಮಾಡುವ ಹಂದಿಯನ್ನು ಹೊಡೆಯಲು ಕಾಯ್ದೆಯ 11ನೇ ಕಲಮಿನಲ್ಲಿ ದಾರಿಯಿದೆ. ಅದಕ್ಕೆ ಅಧಿಕಾರವಿದ್ದ ಅರಣ್ಯಾಧಿಕಾರಿ ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ನಿನ್ನ ಕೈಯಲ್ಲಿ ಬಂದೂಕಿನ ಲೈಸೆನ್ಸು ಇದೆ ಅಂದ ಮಾತ್ರಕ್ಕೆ ಹಂದಿ ಹೊಡೆಯುವ ಅಪ್ಪಣೆ ಸಿಕ್ಕಂತಲ್ಲ. ಇವೆರಡನ್ನೂ ಒಂದೇ ಅಂದುಕೊಂಡು ಕೋರ್ಟು ಹತ್ತಿದವರಿದ್ದಾರೆ. ಕರಡಿಯ ಹತ್ತಿರವಂತೂ ಸುಳಿಯಬೇಡ. 1994ರಲ್ಲಿ ದರೋಜಿ, 2013ರಲ್ಲಿ ಗುಡೇಕೋಟೆ, ಹೀಗೆ ಎರಡು ಕರಡಿಧಾಮ ಇರುವ ಸೀಮೆ ನಮ್ಮದು. ಇಲ್ಲಿ ಕತ್ತಲಲ್ಲಿ ಕರ‍್ರಗೆ ಕಂಡದ್ದೆಲ್ಲ ಹಂದಿ ಅಲ್ಲ.

ಇಷ್ಟಾದ ಮೇಲೂ ಬೆಳೆ ಕಾಯಲು ಬಂದೂಕು ಬೇಕೇ ಬೇಕು ಅಂದರೆ, ಲೈಸೆನ್ಸು ಮೊದಲು, ಬಂದೂಕು ಆಮೇಲೆ. ‘ಚಲೋ ಮಾಲು ಬಂದೈತಿ, ಮುಂಗಡ ಕೊಟ್ಟುಬಿಡು’ ಅನ್ನುವವನ ಮಾತು ಕೇಳಬೇಡ. ನಿನಗೆ 21 ತುಂಬಿದೆ, ಪಹಣಿ ನಿನ್ನ ಹೆಸರಲ್ಲಿದೆ, ಅದು ಒಳ್ಳೆಯದಾಯಿತು. ಬೆಳೆ, ದನಕರು ಕಾಯಲಿಕ್ಕೆಂದೇ ಬೇರೆ ಬಗೆಯ ಲೈಸೆನ್ಸು ಇದೆ. ಅರ್ಜಿ ಹೋಗುವುದು ಜಿಲ್ಲಾಧಿಕಾರಿಗೆ. ನನ್ನ ಕಾಲದಲ್ಲಿ ಪ್ರತಿ ಸಹಿಗೂ ಬಳ್ಳಾರಿಯ ಬಸ್ಸು ಹತ್ತಬೇಕಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ನಿನಗೆ ಹೊಸಪೇಟೆಯೇ ಸಾಕು. ಪೊಲೀಸರ ವರದಿ ಆಗಬೇಕು, ವೈದ್ಯರ ಪತ್ರ ಬೇಕು, ಬಂದೂಕು ಹಿಡಿಯುವ ತರಬೇತಿಯ ಪತ್ರವೂ ಬೇಕು. ತರಬೇತಿಯನ್ನು ಕಾಗದದ ಕಾಟಾಚಾರ ಅಂದುಕೊಳ್ಳಬೇಡ. ಬಂದೂಕಿನಷ್ಟೇ ರೊಕ್ಕವನ್ನು ಅದಕ್ಕೆ ಹಾಕಿದರೂ ನಷ್ಟವಿಲ್ಲ.

ಈಗ ನೀನು ಕೇಳಿದ ಪ್ರಶ್ನೆ, ಯಾವ ಬಂದೂಕು?

ಕಣ್ಣು ಮುಚ್ಚಿ 12 ಬೋರ್ ಅನ್ನು. ಆ ಹೆಸರು ಹೇಗೆ ಬಂತು ಗೊತ್ತೇ? ನಳಿಗೆಯ ಬಾಯಿಗೆ ಸರಿಯಾಗಿ ಕೂಡುವ ಸೀಸದ ಗುಂಡು 12 ಎರಕ ಹೊಯ್ದರೆ ಒಂದು ಪೌಂಡು, ಅಂದರೆ ಸುಮಾರು 454 ಗ್ರಾಂ ತೂಗುತ್ತದೆ. ತೋಟಾ ಸುಲಭವಾಗಿ ಸಿಗುವುದೂ, ರಿಪೇರಿಯವರಿಗೆ ಕೈಪಾಠ ಇರುವುದೂ ಇದರದ್ದೇ. ಕಮ್ಮಿ ರೊಕ್ಕದವನಿಗೆ ಒಂಟಿ ನಳಿಗೆ ಸಾಕು. ಅದರಲ್ಲಿ ಕೆಡುವ ಭಾಗ ಕಡಿಮೆ, ಮಡಚಿ ತೆರೆದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಒಂದೇ ಏಟು ಇರುವುದರಿಂದ ಹೊಡೆಯುವ ಮುಂಚೆ ಯೋಚಿಸುತ್ತೀಯ, ನನ್ನ ಪಾಲಿಗೆ ಅದೇ ಅದರ ದೊಡ್ಡ ಗುಣ. ಸಿನಿಮಾದಲ್ಲಿ ಕರ್ರ್ ಅಂತ ಎಳೆದು ಹೊಡೆಯುವ ಪಂಪ್ ಆಕ್ಷನ್ ನಮ್ಮ ದೇಶದಲ್ಲೂ ತಯಾರಾಗುತ್ತದೆ, ತಿರುಚಿರಾಪಳ್ಳಿಯ ಸರ್ಕಾರಿ ಕಾರ್ಖಾನೆಯದ್ದು ಹೆಸರುವಾಸಿ. ಆದರೆ ಶೇಂಗಾ ಹೊಲಕ್ಕೆ ಅದು ಹೆಚ್ಚಾಯಿತು. ಇಂಗ್ಲೆಂಡಿನ ಹಳೆಯ ಹೆಸರುಗಳ ಹಿಂದೆಯೂ ಬೀಳಬೇಡ. 1980ರ ದಶಕದಿಂದ ಸಾಮಾನ್ಯರಿಗೆ ಆಮದಿನ ಬಾಗಿಲು ಮುಚ್ಚಿದ್ದಕ್ಕೆ ಅವುಗಳ ಬೆಲೆ ಏರಿದೆ. ನೀನು ಕೊಡುವುದು ಹೆಸರಿಗೆ, ಕಬ್ಬಿಣಕ್ಕಲ್ಲ.

ಹಳೆಯದನ್ನು ಕೊಳ್ಳುವುದಾದರೆ ನಾನು ಮೋಸ ಹೋದ ಕತೆ ಕೇಳು. ಅಂಗಡಿಯ ಹೆಸರು ಬೇಡ. ನಲವತ್ತು ವರ್ಷದ ಹಿಂದೆ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಹಳೆಯ ಜೋಡು ನಳಿಗೆ ತಂದೆ. ಕೆತ್ತನೆ ನೋಡಿ ಮರುಳಾಗಿದ್ದೆ. ಮೊದಲ ಏಟಿಗೇ ಹೆಗಲು ಕಪ್ಪಾಗಿ ವಾರ ಕೈ ಎತ್ತಲಾಗಲಿಲ್ಲ. ಆಮೇಲೆ ಮಿಸ್ತ್ರಿಯೊಬ್ಬರು ತೋರಿಸಿದರು, ಆ ಬಂದೂಕಿನ ತೋಟಾ ಮನೆ 65 ಮಿಲಿಮೀಟರಿನದು, ನಾನು ತುಂಬಿದ್ದು 70ರ ತೋಟಾ. ತೋಟಾದ ಬಾಯಿ ಮಡಚಿರುವುದರಿಂದ ಅದು ಒಳಗೆ ಸರಾಗ ಕೂಡುತ್ತದೆ. ಸಿಡಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಆವತ್ತು ನಳಿಗೆ ಒಡೆಯದೆ ಉಳಿದದ್ದು ನಿಮ್ಮತ್ತೆಯ ಕುಂಕುಮದ ಬಲ. ಅಗ್ಗದ ಆ ಬಂದೂಕು ಕೊನೆಗೆ ಹೊಸದಕ್ಕಿಂತ ತುಟ್ಟಿಯಾಯಿತು.

ಆದ್ದರಿಂದ ನೋಡುವಾಗ ಹೀಗೆ ನೋಡು. ಖಾಲಿ ಇದೆ ಅಂತ ಎರಡು ಸಲ ಖಾತ್ರಿ ಮಾಡಿಕೋ. ನಳಿಗೆ ಬಿಚ್ಚಿಸಿ ಆಕಾಶಕ್ಕೆ ಹಿಡಿದು ಒಳಗೆ ನೋಡು. ಕನ್ನಡಿಯಂತೆ ಹೊಳೆಯಬೇಕು, ಸಿಡುಬಿನ ಕಲೆಯಂತೆ ಗುಳಿ ಇದ್ದರೆ ಬೇಡ. ಹೊರಗೆ ಬೆರಳಾಡಿಸಿ ತಗ್ಗು ಹುಡುಕು. ಜೋಡು ನಳಿಗೆಯಾದರೆ ದಾರಕ್ಕೆ ತೂಗುಹಾಕಿ ಬೆರಳಿನಿಂದ ತಟ್ಟು. ಗಂಟೆಯಂತೆ ನಾದ ಬಂದರೆ ಬೆಸುಗೆ ಗಟ್ಟಿ, ಡಬ್ ಅಂದರೆ ಎಲ್ಲೋ ಬಿಟ್ಟಿದೆ. ಜೋಡಿಸಿ ಅಲ್ಲಾಡಿಸಿದಾಗ ಕೀಲಿನಲ್ಲಿ ಗಲಗಲ ಅನ್ನಬಾರದು. ಮರದ ಹಿಡಿ ಸಣ್ಣಗಾಗುವ ಕುತ್ತಿಗೆಯಲ್ಲಿ ಬಿರುಕು ಇರಬಾರದು. ನಳಿಗೆಯ ಮೇಲೆ 65 ಅಂತ ಒತ್ತಿದೆಯೋ 70 ಅಂತಲೋ ಓದು. ಲೈಸೆನ್ಸಿನಲ್ಲಿ ಬರೆಸುವ ನಂಬರೂ ಕಬ್ಬಿಣದ ಮೇಲಿನ ನಂಬರೂ ಅಕ್ಷರ ಅಕ್ಷರ ಕೂಡಬೇಕು. ಮಾರುವವನಿಗೂ ಲೈಸೆನ್ಸು ಇರಬೇಕು, ಮಾರುವ ಮುಂಚೆ ಅವನು ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಇನ್ನು ಕುಲುಮೆಯಲ್ಲಿ ಮಾಡಿದ ನಾಡಬಂದೂಕು ಯಾರಾದರೂ ತೋರಿಸಿದರೆ ಮುಟ್ಟದೆ ಎದ್ದು ಬಾ. ಅದು ಎದುರಿನವನನ್ನು ಕೊಲ್ಲುತ್ತದೋ ಹಿಡಿದವನನ್ನೋ ಹೇಳಲಾಗದು, ಜೈಲಂತೂ ಖಂಡಿತ.

ಆಮೇಲೆ ನಿನ್ನ ಮೈಗೆ ಕೂಡುತ್ತದೋ ನೋಡು. ಚಪ್ಪಲಿ ಕೊಳ್ಳುವಾಗ ಕಾಲಿಗೆ ಹಾಕಿ ನೋಡುವವನು ಬಂದೂಕನ್ನು ಹೆಗಲಿಗೆ ಇಟ್ಟು ನೋಡದೆ ಕೊಳ್ಳುವುದುಂಟೇ? ಹಿಡಿಯ ತುದಿಯನ್ನು ಮೊಳಕೈ ಮಡಿಕೆಗೆ ಕೊಟ್ಟರೆ ಬೆರಳು ಟ್ರಿಗರಿಗೆ ಮುಟ್ಟಬೇಕು. ಕಣ್ಣು ಮುಚ್ಚಿ ಹೆಗಲಿಗೆ ಎತ್ತು, ಕಣ್ಣು ತೆರೆ. ತಲೆ ಕೊಂಕಿಸದೆಯೇ ತುದಿಯ ಮಣಿ ಕಂಡರೆ ಅದು ನಿನ್ನದು. ತೀರ ಹಗುರದ್ದನ್ನು ಮೆಚ್ಚಬೇಡ, ಹೊತ್ತು ನಡೆಯುವಾಗ ಸುಖ, ಹೊಡೆದಾಗ ಒದೆಯುತ್ತದೆ.

ತೋಟಾದೊಳಗಿನ ಸಣ್ಣ ಗುಂಡುಗಳ, ಅಂದರೆ ಚರೆಯ ಸಂಗತಿಯೂ ತಿಳಿದಿರಲಿ. ನಳಿಗೆಯ ಬಾಯಿ ಸ್ವಲ್ಪ ಬಿಗಿದಿರುವುದಕ್ಕೆ ಚೋಕ್ ಅನ್ನುತ್ತಾರೆ. ಫುಲ್ ಚೋಕ್ ಇದ್ದರೆ 40 ಗಜ ದೂರದ 30 ಅಂಗುಲದ ವೃತ್ತದೊಳಗೆ ನೂರಕ್ಕೆ 70ರಷ್ಟು ಚರೆ ಬೀಳುತ್ತವೆ, ಚೋಕೇ ಇಲ್ಲದಿದ್ದರೆ 40ರಷ್ಟು. ಟರ್ಕಿ ಬೇಟೆಯವರು ಕಾಡಿಗೆ ಹೋಗುವ ಮುಂಚೆ ದೊಡ್ಡ ಕಾಗದಕ್ಕೆ ಹೊಡೆದು ಈ ಹರವನ್ನು ಎಣಿಸುತ್ತಾರೆ. ಅಧಿಕೃತ ರೇಂಜಿನಲ್ಲಿ ನೀನೂ ಒಮ್ಮೆ ಹಾಗೆ ಹೊಡೆದು ನೋಡು. ವೃತ್ತದ ಹೊರಗೆ ಬಿದ್ದ ಚರೆಗಳನ್ನು ಬಿಡದೆ ಎಣಿಸು. ಹೊಲದಲ್ಲಿ ಅವು ಎಲ್ಲಿಗೆ ಹೋದವು ಅಂತ ನಿನಗೆ ಕಾಣುವುದಿಲ್ಲ. 6ನೇ ನಂಬರಿನ ಸಣ್ಣ ಚರೆಯೇ 200 ಮೀಟರ್ ಹೋದೀತು, ದಪ್ಪನೆಯ ಎಸ್‌ಜಿ ಚರೆ ಅರ್ಧ ಕಿಲೋಮೀಟರಿನ ಆಚೆಗೂ ಹೋದೀತು. ಅಷ್ಟು ದೂರದೊಳಗೆ ನಮ್ಮ ಸೀಮೆಯಲ್ಲಿ ಕುರಿ ಹಟ್ಟಿ ಇರುತ್ತದೆ, ಪಕ್ಕದ ಹೊಲದಲ್ಲಿ ನಿನ್ನಂತೆಯೇ ಕಾವಲು ಕೂತವನು ಕಂಬಳಿ ಹೊದ್ದು ಕೆಮ್ಮುತ್ತಿರುತ್ತಾನೆ. ಟರ್ಕಿ ಹುಂಜದ ತಲೆಯಲ್ಲಿ ಕೆಂಪು, ಬಿಳಿ, ನೀಲಿ ಇರುತ್ತದೆ ಅಂತ ಅಲ್ಲಿಯ ಬೇಟೆಗಾರರು ಆ ಬಣ್ಣದ ಬಟ್ಟೆಯನ್ನೇ ತೊಡುವುದಿಲ್ಲ. ಗೆಳೆಯನ ಕೊರಳವಸ್ತ್ರವನ್ನು ಹಕ್ಕಿ ಅಂದುಕೊಂಡು ಹೊಡೆದಾರು ಅನ್ನುವ ಭಯ. ಹಗಲಿನಲ್ಲೇ ಹಾಗಾದರೆ ಕತ್ತಲಲ್ಲಿ ಕಂಬಳಿಯ ಗತಿಯೇನು?

ನಮ್ಮದು ನಾಟಕದ ಊರು, ಮಂಜಮ್ಮ ಜೋಗತಿಯವರು ಪದ್ಮಶ್ರೀ ತಂದ ಊರು. ಹುಡುಗನಾಗಿದ್ದಾಗ ಸ್ಟೇಜಿನ ಹಿಂದೆ ಕೂತು ಪಟಾಕಿ ಸಿಡಿಸುವ ಕೆಲಸ ನನ್ನದಿತ್ತು. ಡಕಾಯಿತ ಪಾತ್ರದವನು ಕಟ್ಟಿಗೆಯ ಬಂದೂಕು ಎತ್ತಿದ ಕೂಡಲೇ ನಾನು ಢಂ ಅನ್ನಿಸಬೇಕು. ಸತ್ತವನು ಪರದೆ ಬಿದ್ದ ಮೇಲೆ ಎದ್ದು ಬಂದು ‘ತಡಾ ಮಾಡಿದಿ’ ಅಂತ ನನ್ನ ಕಿವಿ ಹಿಂಡುತ್ತಿದ್ದ. ಮೊಬೈಲಿನ ಬೇಟೆಯೂ ನಿನ್ನ ಕಣ್ಣಿಗೆ ಅಂಥದೇ ನಾಟಕ. ಹೊಲದಲ್ಲಿ ಪರದೆ ಬೀಳುವುದಿಲ್ಲ.

ಈಗ ಖರ್ಚಿನ ಲೆಕ್ಕ ಪೂರ್ತಿ ಮಾಡು. ಬಂದೂಕಿನ ಬೆಲೆ ಒಂದು. ಲೈಸೆನ್ಸಿನ ಶುಲ್ಕ, ತರಬೇತಿ, ಬೀಗದ ಕಬ್ಬಿಣದ ಪೆಟ್ಟಿಗೆ, ತೋಟಾ, ಎಣ್ಣೆ, ಚಿಂದಿ, ಸಲಾಕೆ, ಐದು ವರ್ಷಕ್ಕೊಮ್ಮೆ ನವೀಕರಣ, ಇವೆಲ್ಲ ಸೇರಬೇಕು. ಚುನಾವಣೆ ಬಂತೆಂದರೆ ಬಂದೂಕು ಠಾಣೆಯಲ್ಲಿ ಠೇವಣಿ. ಅದು ಶೇಂಗಾ ಕಾಯಿ ಕಟ್ಟುವ ಹೊತ್ತಿಗೇ ಬಂದರೆ ಹಂದಿಗಳ ಕಡೆಯಿಂದ ಮುಂದೂಡಿಕೆ ಸಿಗುವುದಿಲ್ಲ! ಅತ್ತ ಶೇಂಗಾದ ಆಯಸ್ಸು ಸುಮಾರು ನಾಲ್ಕು ತಿಂಗಳು. ಅದರಲ್ಲಿ ನವಿಲಿನ ಕಾಟ ಬಿತ್ತಿದ ಮೇಲೆ ಮೊಳಕೆ ಗಟ್ಟಿಯಾಗುವ ತನಕ, ಹತ್ತು ಹನ್ನೆರಡು ದಿನ. ಹಂದಿಯ ಕಾಟ ಕಾಯಿ ಬಲಿಯುವ ಕೊನೆಯ ಕೆಲವು ವಾರ. ವರ್ಷಕ್ಕೆ ಒಂದೆರಡು ತಿಂಗಳ ತಂಟೆಗೆ ಜೀವಮಾನದ ಹೊಣೆಯನ್ನು ಮನೆಗೆ ತರಬೇಕೇ? ಅದೇ ರೊಕ್ಕ ಸೌರ ಬೇಲಿಗೆ ಹಾಕಿದರೆ ಹಗಲೂ ರಾತ್ರಿ ಕಾಯುತ್ತದೆ. ಮೇನ್ ಲೈನಿನ ಕರೆಂಟು ಮಾತ್ರ ಬೇಲಿಗೆ ಎಳೆಯಬೇಡ. ಉರುಳು, ಸಿಡಿಮದ್ದಿನ ಉಂಡೆ ಕೂಡ ಬೇಡ, ಹಂದಿಗೆ ಇಟ್ಟದ್ದಕ್ಕೆ ಕರಡಿಯೋ ಪಕ್ಕದ ಮನೆಯ ಎಮ್ಮೆಯೋ ಬಾಯಿ ಹಾಕುತ್ತದೆ. ಬೆಳೆ ಹಾಳಾದರೆ ಫೋಟೋ ತೆಗೆದು, ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡು. ಸಂಕೋಚ ಬೇಡ, ಅದು ಭಿಕ್ಷೆ ಅಲ್ಲ.

ಸಂಡೂರಿನ ಅರಸು ಮನೆತನದ ಎಂ.ವೈ. ಘೋರ್ಪಡೆಯವರಿಗೆ ಬೇಕಾದ ಬಂದೂಕು ಕೊಳ್ಳಲು ಬಡತನ ಇರಲಿಲ್ಲ. ಅವರು ಇದೇ ಗುಡ್ಡಗಳಲ್ಲಿ ಕ್ಯಾಮೆರಾ ಹಿಡಿದು ಕೂತು ಹೆಸರು ಮಾಡಿದರು. ಅವರ ಹಾಗಾಗು ಅಂತ ನಾನು ಹೇಳುವುದಿಲ್ಲ, ನಿನಗೆ ಸಾಲ ತೀರಬೇಕು. ಆದರೆ ನನ್ನ ಒಂಟಿ ನಳಿಗೆ ತಂದು ಮೂವತ್ತು ವರ್ಷವಾಯಿತು. ರೇಂಜಿನ ಕಾಗದ ಬಿಟ್ಟರೆ ಅದು ಯಾವುದಕ್ಕೂ ತೂತು ಮಾಡಿಲ್ಲ. ಆ ಮೂವತ್ತು ವರ್ಷವೂ ಹೊಲ ಕಾದದ್ದು ಮಂಚಿಕೆ, ಡಬ್ಬಿ, ತಮಟೆ, ಎರಡು ನಾಯಿ, ನಿಮ್ಮತ್ತೆಯ ಗಂಟಲು.

ಬರುವ ಅಮಾವಾಸ್ಯೆಗೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಬಾ. ಹಗ್ಗ, ಗಳ ನಾನು ತರುತ್ತೇನೆ, ನಿನ್ನ ಹೊಲದ ಮೂಲೆಯ ಬೇವಿನ ಮರಕ್ಕೆ ಮಂಚಿಕೆ ಕಟ್ಟೋಣ. ಈ ಬೆಳೆ ಹಾಗೆ ಕಾದು ನೋಡು. ಸುಗ್ಗಿಯಾದ ಮೇಲೂ ಬಂದೂಕು ಬೇಕು ಅನ್ನಿಸಿದರೆ ಅರ್ಜಿ ಬರೆಯಲು ನಾನೇ ಕೂರುತ್ತೇನೆ, ನಿನ್ನ ತೋಳಿನ ಅಳತೆಯನ್ನೂ ನಾನೇ ತೆಗೆಯುತ್ತೇನೆ.