ಕೈಗಡಿಯಾರ, ಕೊಡೆ ಮತ್ತು ಅಂತಸ್ತು: ಮಹಾನಗರದ ವಸ್ತುಮೋಹವನ್ನು ತರಗತಿಯಲ್ಲಿ ಬೋಧಿಸುವ ಬಗೆ

ಪ್ರೌಢಶಾಲೆಯ ಕನ್ನಡ ತರಗತಿಗಳಲ್ಲಿ ‘ನಗರಜೀವನ’, ‘ಆಡಂಬರ’, ‘ಸರಳ ಬದುಕು’ ಮೊದಲಾದ ವಿಷಯಗಳ ಮೇಲೆ ಪ್ರಬಂಧ ಬರೆಸುವುದು ಹಳೆಯ ರೂಢಿ. ವಿದ್ಯಾರ್ಥಿಗಳು ಶಿಕ್ಷಕರು ನಿರೀಕ್ಷಿಸುವುದನ್ನೇ ಬರೆಯುತ್ತಾರೆ: ನಗರದ ಜನ ವಸ್ತುಗಳ ಬೆನ್ನು ಹತ್ತಿದ್ದಾರೆ, ಹಳ್ಳಿಯ ಜನ ನೆಮ್ಮದಿಯಿಂದಿದ್ದಾರೆ, ಆಸೆಯೇ ದುಃಖಕ್ಕೆ ಮೂಲ. ಗಂಟೆ ಬಾರಿಸಿದ ಕೂಡಲೇ ಅದೇ ವಿದ್ಯಾರ್ಥಿಗಳು ಜಗಲಿಯಲ್ಲಿ ನಿಂತು ಯಾರ ಅಣ್ಣ ಯಾವ ಮೊಬೈಲು ಕೊಂಡ, ಯಾರ ಮಾವನ ಕಾರು ಎಷ್ಟು ದೊಡ್ಡದು ಎಂದು ಮಾತಿಗೆ ತೊಡಗುತ್ತಾರೆ. ಪ್ರಬಂಧಕ್ಕೂ ಜಗಲಿಗೂ ನಡುವಿನ ಈ ದೂರವೇ ಪಾಠದ ಆರಂಭವಾಗಬೇಕು.

ಗಡಿನಾಡಿನ ಮಕ್ಕಳಿಗೆ ಮಹಾನಗರ ಅಪರಿಚಿತವಲ್ಲ. ಹೊಸೂರಿನಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರು. ಜತ್ತ, ಅಕ್ಕಲಕೋಟೆಗಳ ಕಡೆಯಿಂದ ಪುಣೆಗೋ ಮುಂಬಯಿಗೋ ದುಡಿಯಲು ಹೋದವರು ಜಾತ್ರೆಗೆ ಊರಿಗೆ ಬರುವಾಗ ನಗರವನ್ನು ಮೈಮೇಲೆ ಧರಿಸಿಯೇ ಬರುತ್ತಾರೆ. ಕಾಸರಗೋಡಿನ ಮಕ್ಕಳು ಕೊಲ್ಲಿ ರಾಷ್ಟ್ರಗಳಿಂದ ಬಂದ ಪೆಟ್ಟಿಗೆಗಳನ್ನು ಬಿಚ್ಚುವುದನ್ನು ಕಂಡೇ ಬೆಳೆದವರು. ಆದುದರಿಂದ ‘ಮೋಹ ಕೆಟ್ಟದ್ದು’ ಎಂಬ ತೀರ್ಪನ್ನು ಕರಿಹಲಗೆಯ ಮೇಲೆ ಬರೆದು ಪಾಠ ಆರಂಭಿಸಿದರೆ ಅವರು ಅದನ್ನು ನಕಲು ಮಾಡಿಕೊಳ್ಳುತ್ತಾರೆಯೇ ಹೊರತು ನಂಬುವುದಿಲ್ಲ. ಅವರಿಗೆ ಕಲಿಸಬೇಕಾದುದು ವಸ್ತುವನ್ನು ಓದುವ ಕ್ರಮವನ್ನು. ಒಂದು ವಸ್ತು ಉಪಯೋಗಕ್ಕಾಗಿ ಏನು ಮಾಡುತ್ತದೆ, ನೋಡುವವರಿಗಾಗಿ ಏನು ಹೇಳುತ್ತದೆ ಎಂಬುದನ್ನು ಬೇರ್ಪಡಿಸಿ ನೋಡುವುದಕ್ಕೆ ಒಂದೇ ಒಂದು ಉದಾಹರಣೆಯನ್ನು ಕೈಗೆತ್ತಿಕೊಂಡು ಆಳವಾಗಿ ವಿಚಾರಿಸುವುದು ಒಳ್ಳೆಯದು. ಕೈಗಡಿಯಾರ ಅದಕ್ಕೆ ತಕ್ಕ ವಸ್ತು. ಅದರ ಕಥೆಯ ಬಹುಭಾಗ ಬೆಂಗಳೂರು ಮತ್ತು ಹೊಸೂರಿನಲ್ಲೇ ನಡೆದಿದೆ.

ಒಂದು ವಸ್ತುವಿನ ಕಥೆ

ಬೆಂಗಳೂರಿನ ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರಗಳ ತಯಾರಿಕೆ ಆರಂಭಿಸಿತು. ‘ಜನತಾ’ ಎಂಬ ಅದರ ಮಾದರಿ ಹೆಸರಿಗೆ ತಕ್ಕಂತೆ ಜನಸಾಮಾನ್ಯರದಾಗಿತ್ತು. ದಿನವೂ ಕೀ ಕೊಡಬೇಕಾಗಿದ್ದ, ಉತ್ತರದ ಕಡೆ ‘ಚಾವಿ ಕೊಡುವ’ ಎನ್ನುತ್ತಿದ್ದ, ಆ ಗಡಿಯಾರಗಳು ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ, ಮದುವೆಯಾಗುವ ಅಳಿಯನಿಗೆ, ನಿವೃತ್ತನಾಗುವ ನೌಕರನಿಗೆ ಉಡುಗೊರೆಯಾಗಿ ಸಂದವು. ಚಿನ್ನದ ಬಣ್ಣದ ‘ಕಾಂಚನ್’ ಮಾದರಿಗೆ ಎಷ್ಟು ಬೇಡಿಕೆಯಿತ್ತೆಂದರೆ ಅದು ನಿಗದಿತ ಬೆಲೆಗಿಂತ ಹೆಚ್ಚಿನ ಹಣಕ್ಕೆ ಕೈ ಬದಲಾಗುತ್ತಿತ್ತು. ಮದುವೆಯ ಮಾತುಕತೆಯಲ್ಲಿ ‘ವಾಚು, ಉಂಗುರ, ಸೈಕಲ್ಲು’ ಎಂದು ಪಟ್ಟಿ ಮಾಡುತ್ತಿದ್ದ ಕಾಲವನ್ನು ವಿದ್ಯಾರ್ಥಿಗಳ ಅಜ್ಜಂದಿರು ಇಂದಿಗೂ ನೆನೆಯಬಲ್ಲರು.

ಆಗಿನ ಕೈಗಡಿಯಾರವು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತಿತ್ತು. ಅದು ಸಮಯ ಹೇಳುತ್ತಿತ್ತು. ಕಟ್ಟಿಕೊಂಡವನು ಸಮಯಕ್ಕೆ ಬೆಲೆಯಿರುವ ಕೆಲಸದಲ್ಲಿದ್ದಾನೆ ಎಂದೂ ಹೇಳುತ್ತಿತ್ತು. ಹೊಲದಲ್ಲಿ ದುಡಿಯುವವನಿಗೆ ಸೂರ್ಯನೇ ಸಾಕಾಗಿದ್ದಾಗ, ಕಚೇರಿ, ಕಾರ್ಖಾನೆ, ಶಾಲೆಗಳಿಗೆ ಹೋಗುವವನ ಮಣಿಕಟ್ಟಿನಲ್ಲಿ ಅದು ಮಿನುಗುತ್ತಿತ್ತು.

ಮುಂದೆ 1984ರಲ್ಲಿ ಟಾಟಾ ಸಮೂಹ ಹಾಗೂ ತಮಿಳುನಾಡು ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮಗಳು ಸೇರಿ ಟೈಟಾನ್ ಸಂಸ್ಥೆಯನ್ನು ಸ್ಥಾಪಿಸಿದವು. ಅದರ ಕಾರ್ಖಾನೆ ಎದ್ದುದು ಹೊಸೂರಿನಲ್ಲಿ. ಟೈಟಾನ್ ನೆಚ್ಚಿಕೊಂಡುದು ಕೀ ಕೊಡಬೇಕಾಗಿಲ್ಲದ ಕ್ವಾರ್ಟ್ಜ್ ಗಡಿಯಾರವನ್ನು. ಅದರೊಳಗಿನ ಸಣ್ಣ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಆ ಕಂಪನವೇ ಕಾಲದ ಎಣಿಕೆ. ಗಡಿಯಾರವನ್ನು ಒಡವೆಯಂತೆ ಸಾಲಾಗಿ ಜೋಡಿಸಿ ಮಾರುವ, ಉಡುಪಿಗೊಂದು ಗಡಿಯಾರ ಎಂಬಂತೆ ಪ್ರಚಾರ ಮಾಡುವ ಪದ್ಧತಿಯೂ ಅದರೊಡನೆ ಬಂತು. ಒಂದೇ ಗಡಿಯಾರವನ್ನು ಮೂವತ್ತು ವರ್ಷ ಕಟ್ಟಿಕೊಂಡವರ ನಾಡಿನಲ್ಲಿ ಎರಡನೆಯದರ ಆಸೆ ಹುಟ್ಟಿತು.

ಇನ್ನು ತರಗತಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾದ ಸ್ಥಳ. ಕೆಲವೇ ನೂರು ರೂಪಾಯಿಯ ಕ್ವಾರ್ಟ್ಜ್ ಗಡಿಯಾರ ಸಾಮಾನ್ಯವಾಗಿ ತಿಂಗಳಿಗೆ ಸುಮಾರು 15 ಸೆಕೆಂಡಿನಷ್ಟು ಮಾತ್ರ ಹೆಚ್ಚುಕಡಿಮೆಯಾಗುತ್ತದೆ. ಹಲವು ಲಕ್ಷ ರೂಪಾಯಿ ಬೆಲೆಯ, ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ಗೆದ್ದು ಬಂದ ಯಾಂತ್ರಿಕ ಗಡಿಯಾರಕ್ಕೆ ದಿನಕ್ಕೆ 4 ಸೆಕೆಂಡು ಹಿಂದೆ ಬೀಳುವ ಅಥವಾ 6 ಸೆಕೆಂಡು ಮುಂದೆ ಓಡುವ ಅವಕಾಶವುಂಟು. ಸಮಯ ಹೇಳುವ ಕೆಲಸದಲ್ಲಿ ಅಗ್ಗದ್ದೇ ಮೇಲು. ಮೇಲಾಗಿ, ಇಂದು ಸಮಯ ತಿಳಿಯಲು ಯಾರಿಗೂ ಕೈಗಡಿಯಾರವೇ ಬೇಕಾಗಿಲ್ಲ. ಪ್ರತಿಯೊಬ್ಬರ ಜೇಬಿನ ಮೊಬೈಲು ಅದನ್ನು ಹೇಳುತ್ತದೆ. ಹಾಗಾದರೆ ಮಹಾನಗರದಲ್ಲಿ ದುಬಾರಿ ಗಡಿಯಾರ ಮಾರಾಟವಾಗುವುದು ಯಾವುದಕ್ಕೆ? ಈ ಪ್ರಶ್ನೆಯನ್ನು ಕೇಳಿ ಶಿಕ್ಷಕರು ಸುಮ್ಮನಿರುವುದು ಲೇಸು. ಉತ್ತರವನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ: ಉಪಯೋಗ ಕಳಚಿ ಬಿದ್ದ ಮೇಲೆ ಉಳಿದುಕೊಂಡದ್ದು ಹೇಳಿಕೆ ಮಾತ್ರ. ಅದು ಸಮಯವನ್ನಲ್ಲ, ಬೆಲೆಯನ್ನು ಹೇಳುತ್ತದೆ. ಆ ಬೆಲೆಯನ್ನು ಓದಬಲ್ಲವರ ನಡುವೆ ಮಾತ್ರ ಹೇಳುತ್ತದೆ. ಸಂತೆಯಲ್ಲಿ ತರಕಾರಿ ಮಾರುವ ಅಜ್ಜಿಯ ಕಣ್ಣಿಗೆ ಐನೂರರ ಗಡಿಯಾರವೂ ಐದು ಲಕ್ಷದ ಗಡಿಯಾರವೂ ಒಂದೇ.

ಕಥೆಗೆ ಇನ್ನೊಂದು ತಿರುವು ಉಂಟು. ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ಕೈಗೊಂಡಿತು. ಅಜ್ಜಂದಿರ ಪೆಟ್ಟಿಗೆಯಲ್ಲಿ ಮರೆತುಹೋಗಿದ್ದ ಹಳೆಯ ಗಡಿಯಾರಗಳನ್ನು ನಗರದ ಸಂಗ್ರಹಕಾರರು ಹುಡುಕಿ ಹೆಚ್ಚಿನ ಬೆಲೆಗೆ ಕೊಳ್ಳತೊಡಗಿದರು. ಜನಸಾಮಾನ್ಯರದೆಂದೇ ‘ಜನತಾ’ ಎಂದು ಕರೆಸಿಕೊಂಡ ವಸ್ತು ಈಗ ಕೆಲವರ ಅಭಿರುಚಿಯ ಗುರುತು.

ಇದರ ವಿರುದ್ಧದ ಉದಾಹರಣೆಯನ್ನೂ ಚುಟುಕಾಗಿ ಹೇಳಬಹುದು. ಸ್ಕೂಟರಿನ ಮೇಲೆ ಇಡೀ ಕುಟುಂಬ ಮಳೆಯಲ್ಲಿ ಸಾಗುವುದನ್ನು ಕಂಡು ರತನ್ ಟಾಟಾ ರೂಪಿಸಿದ ನ್ಯಾನೋ ಕಾರು 2008ರಲ್ಲಿ ಒಂದು ಲಕ್ಷ ರೂಪಾಯಿಯ ಕಾರು ಎಂದು ಪ್ರಕಟವಾಯಿತು. ಮಳೆಯಿಂದ ಅದು ಕಾಪಾಡುತ್ತಿತ್ತು. ಆದರೆ ‘ಅತಿ ಅಗ್ಗದ ಕಾರು’ ಎಂಬ ಹೆಸರೇ ಅದಕ್ಕೆ ಮುಳುವಾಯಿತೆಂಬುದನ್ನು ಮುಂದೆ ರತನ್ ಟಾಟಾ ಅವರೇ ಒಪ್ಪಿಕೊಂಡರು. ಕಾರು ಕೊಳ್ಳುವವರು ಮಳೆಯಿಂದ ರಕ್ಷಣೆಯನ್ನಷ್ಟೇ ಕೊಳ್ಳುತ್ತಿರಲಿಲ್ಲ.

ನಗರದಲ್ಲೇ ಏಕೆ?

ಅಮೆರಿಕದ ಅರ್ಥಶಾಸ್ತ್ರಜ್ಞ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಕೆಗಾಗಿ ಮಾಡುವ ಅನುಭೋಗವನ್ನು ವಿವರವಾಗಿ ಚರ್ಚಿಸಿದನು. ನಾರ್ವೆಯಿಂದ ಬಂದು ನೆಲೆಸಿದ ರೈತ ಕುಟುಂಬದ ಮಗನಾದ ಅವನಿಗೆ ಹಳ್ಳಿಯೂ ನಗರವೂ ಗೊತ್ತಿದ್ದವು. ತೋರಿಕೆಯ ಖರ್ಚು ಹಳ್ಳಿಗಿಂತ ನಗರದಲ್ಲಿ ಹೆಚ್ಚು ಎಂಬುದಕ್ಕೆ ಅವನು ಕೊಟ್ಟ ಕಾರಣ ಸರಳ: ನಗರದಲ್ಲಿ ಮನುಷ್ಯನನ್ನು ಅಳೆಯುವವರು ಅಪರಿಚಿತರು, ಕಣ್ಣಿಗೆ ಕಾಣುವುದರ ಹೊರತು ಅವರಿಗೆ ಬೇರೆ ಅಳತೆಗೋಲಿಲ್ಲ.

ಊರಿನಲ್ಲಿ ವ್ಯಕ್ತಿಯ ಮುಂದೆ ಅವನ ಮನೆತನದ ಹೆಸರು ನಡೆಯುತ್ತದೆ. ಇಂಥವರ ಮೊಮ್ಮಗ, ಇಂಥ ಓಣಿಯವನು, ಇಷ್ಟು ಎಕರೆಯವನು ಎಂಬುದು ಎಲ್ಲರಿಗೂ ತಿಳಿದಿರುವಾಗ ಗಡಿಯಾರ ಹೇಳಬೇಕಾದುದು ಕಡಿಮೆ. ಬೆಂಗಳೂರಿನ ಮೆಟ್ರೋ ರೈಲಿನಲ್ಲಿ ಎದುರು ಕುಳಿತವರಿಗೆ ಅದೊಂದೂ ತಿಳಿಯದು. ಆಗ ಬೂಟು ಮಾತಾಡುತ್ತದೆ, ಮೊಬೈಲಿನ ಹಿಂಬದಿಯ ಗುರುತು ಮಾತಾಡುತ್ತದೆ, ಯಾವ ಬಡಾವಣೆ ಎಂಬ ಉತ್ತರ ಮಾತಾಡುತ್ತದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳ್ಳಿಯಲ್ಲಿ ಪ್ರದರ್ಶನ ಕಡಿಮೆ ಎಂದಮಾತ್ರಕ್ಕೆ ತಾರತಮ್ಯ ಕಡಿಮೆ ಎಂದಾಗುವುದಿಲ್ಲ. ಅಲ್ಲಿ ಅಂತಸ್ತನ್ನು ವಸ್ತುವಿನಿಂದ ಸಾರಬೇಕಾಗಿಲ್ಲದಿರುವುದು ಅದು ಹುಟ್ಟಿನಿಂದಲೇ ನಿಗದಿಯಾಗಿರುವುದರಿಂದ. ಅನೇಕ ಪಠ್ಯಪೂರಕ ಬರಹಗಳು ಇದನ್ನು ಮರೆತು ಹಳ್ಳಿಯನ್ನು ಸರಳತೆಯ ತವರೆಂದು ವರ್ಣಿಸಿಬಿಡುತ್ತವೆ.

ಎರಡು ಗಾದೆಗಳು

ಈ ಸೂಕ್ಷ್ಮವನ್ನು ಭಾಷೆಯ ಮೂಲಕ ತೋರಿಸಲು ಕನ್ನಡದ ಎರಡು ಗಾದೆಗಳು ನೆರವಾಗುತ್ತವೆ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ’ ಎಂಬುದು ಒಂದು. ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ’ ಎಂಬುದು ಇನ್ನೊಂದು. ಎರಡನ್ನೂ ‘ಆಡಂಬರದ ಖಂಡನೆ’ ಎಂಬ ಒಂದೇ ತಲೆಬರಹದಡಿ ವಿಸ್ತರಿಸಿ ಬರೆಸುವುದು ವಾಡಿಕೆ. ಆದರೆ ಅವು ಒಂದೇ ಮಾತನ್ನು ಹೇಳುವುದಿಲ್ಲ.

ಮೊದಲನೆಯದು ಮನೆಯ ಲೆಕ್ಕವನ್ನು ಕೇಳುತ್ತದೆ: ಹೂವಿಗೆ ಕೊಟ್ಟ ಹಣ ಯಾರ ತುತ್ತಿನಿಂದ ಬಂತು? ಎರಡನೆಯದು ಮನುಷ್ಯನ ಯೋಗ್ಯತೆಯನ್ನೇ ಕೇಳುತ್ತದೆ: ಕೊಡೆ ಹಿಡಿಯಲು ಇವನಾರು? ಮಳೆಬಿಸಿಲಿಲ್ಲದ ಹೊತ್ತಿನಲ್ಲಿ ಕೊಡೆ ಹಿಡಿಯುವ ಹುಚ್ಚುತನದ ಬಗ್ಗೆ ನಗುವುದು ತಪ್ಪಲ್ಲ. ಆದರೆ ಕೊಡೆ ಬರಿಯ ಕೊಡೆಯಾಗಿರಲಿಲ್ಲ. ಬೆಳ್ಗೊಡೆ ಅರಸುತನದ ಚಿಹ್ನೆಯಾಗಿತ್ತು. ತಿರುವಾಂಕೂರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೂ ನಾಡಾರ್ ಮೊದಲಾದ ಸಮುದಾಯಗಳ ಜನ ಕೊಡೆ ಹಿಡಿಯುವಂತಿರಲಿಲ್ಲ, ಪಾದರಕ್ಷೆ ಮೆಟ್ಟುವಂತಿರಲಿಲ್ಲ, ಚಿನ್ನ ತೊಡುವಂತಿರಲಿಲ್ಲ. ಅಲ್ಲಿಯ ಹೆಂಗಸರು ಮೇಲುವಸ್ತ್ರ ಹೊದೆಯುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಬೇಕಾಯಿತು. ಅದಕ್ಕೆ ಅನುಮತಿ ನೀಡುವ ರಾಜಾಜ್ಞೆ ಹೊರಟುದು 1859ರಲ್ಲಿ. ಕಾಸರಗೋಡು, ವಯನಾಡುಗಳ ವಿದ್ಯಾರ್ಥಿಗಳಿಗೆ ಇದು ತಮ್ಮ ರಾಜ್ಯದ್ದೇ ಇತಿಹಾಸ. ಇದನ್ನು ತಿಳಿದ ಮೇಲೆ ಆ ಗಾದೆಯನ್ನು ಮತ್ತೊಮ್ಮೆ ಓದಿಸಿ, ಅದನ್ನು ಯಾರು, ಯಾರ ಕುರಿತು, ಯಾವ ಸಂದರ್ಭದಲ್ಲಿ ಹೇಳಿರಬಹುದು ಎಂದು ಕೇಳಬೇಕು. ‘ಅಲ್ಪ’ ಎಂಬ ಪದ ಅಲ್ಪಬುದ್ಧಿಯವನನ್ನು ಸೂಚಿಸುತ್ತದೆಯೋ ಅಲ್ಪನೆಂದು ಇತರರು ಎಣಿಸಿದವನನ್ನೋ ಎಂಬ ಚರ್ಚೆ ಒಂದು ಅವಧಿಯನ್ನೇ ತೆಗೆದುಕೊಂಡರೂ ಅಡ್ಡಿಯಿಲ್ಲ.

ಡಾ. ಅಂಬೇಡ್ಕರ್ ಅವರು 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ದಲಿತ ಮಹಿಳೆಯರನ್ನು ಉದ್ದೇಶಿಸಿ ಮಾತನಾಡುತ್ತ, ಜಾತಿಯ ಗುರುತಾಗಿದ್ದ ಒಡವೆಗಳನ್ನು ಬಿಡುವಂತೆಯೂ ಮೇಲ್ಜಾತಿಯ ಹೆಂಗಸರಂತೆಯೇ ಸೀರೆ ಉಡುವಂತೆಯೂ ಹೇಳಿದರು. ಅವರ ಸೂಟು, ಟೈಗಳನ್ನು ಪ್ರತಿಮೆಗಳಲ್ಲಿ ಪ್ರತಿಯೊಂದು ಮಗುವೂ ಕಂಡಿದೆ. ಅದನ್ನು ಯಾರೂ ವಸ್ತುಮೋಹ ಎನ್ನಲಾರರು. ನಗರದ ಅಪರಿಚಿತತೆ ಕೆಲವರಿಗೆ ಹೊರೆಯಾದರೆ, ಊರಿನಲ್ಲಿ ತಲೆ ತಗ್ಗಿಸಿ ನಡೆಯಬೇಕಾಗಿದ್ದವರಿಗೆ ಬಿಡುಗಡೆಯೂ ಆಯಿತು. ಊರಿಗೆ ಬಂದ ಮಗ ಹೊಸ ಬೂಟು ಹಾಕಿಕೊಂಡು ಬೀದಿಯಲ್ಲಿ ನಡೆದರೆ ನಗುವವರು ಯಾರು, ನಗದವರು ಯಾರು ಎಂಬುದನ್ನು ಗಮನಿಸಿದ ವಿದ್ಯಾರ್ಥಿಗೆ ಈ ಭಾಗ ಬೇಗ ಅರ್ಥವಾಗುತ್ತದೆ.

ಹೀಗೆಂದು ಮೊದಲನೆಯ ಗಾದೆಯನ್ನು ಕೈಬಿಡಬಾರದು. ಇಂದು ಮಲ್ಲಿಗೆಯ ಸ್ಥಾನದಲ್ಲಿ ಕಂತು ಬಂದಿದೆ. 60,000 ರೂಪಾಯಿಯ ಮೊಬೈಲನ್ನು ಹನ್ನೆರಡು ಕಂತುಗಳಲ್ಲಿ ಕೊಂಡರೆ, ಬಡ್ಡಿಯೇ ಇಲ್ಲವೆಂದಿಟ್ಟುಕೊಂಡರೂ, ತಿಂಗಳಿಗೆ 5,000. ತಿಂಗಳಿಗೆ 20,000 ದುಡಿಯುವ ಕಾವಲುಗಾರನಿಗೋ ಡೆಲಿವರಿ ಹುಡುಗನಿಗೋ ಅದು ದುಡಿಮೆಯ ಕಾಲುಭಾಗ. ಬಾಡಿಗೆ, ಊಟ, ಊರಿಗೆ ಕಳಿಸುವ ಹಣ ಇವುಗಳಲ್ಲಿ ಯಾವುದು ಕಡಿಮೆಯಾಗುತ್ತದೆ ಎಂಬುದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಬೇಕು. ಸಾಮಾನ್ಯವಾಗಿ ಕಡಿಮೆಯಾಗುವುದು ಕೊನೆಯದು. ಅದನ್ನು ಗಡಿನಾಡಿನ ಕೆಲವು ಮಕ್ಕಳು ಲೆಕ್ಕವಿಲ್ಲದೆಯೇ ಬಲ್ಲರು.

ಪದಗಳ ಕಡೆಗೆ

ಈ ವಿಷಯದಲ್ಲಿ ಕನ್ನಡದ ಪದಸಂಪತ್ತು ದೊಡ್ಡದು. ಡೌಲು, ಜಂಬ, ಬಿಂಕ, ಗತ್ತು, ಶೋಕಿ, ಬಡಿವಾರ, ಠೀವಿ, ಆಡಂಬರ. ಇವುಗಳಲ್ಲಿ ‘ಠೀವಿ’ ಮೆಚ್ಚುಗೆಯ ಮಾತು, ‘ಡೌಲು’ ಹಂಗಿಸುವ ಮಾತು. ಒಂದೇ ನಡಿಗೆಯನ್ನು ಒಬ್ಬನಲ್ಲಿ ಠೀವಿಯೆಂದೂ ಇನ್ನೊಬ್ಬನಲ್ಲಿ ಡೌಲೆಂದೂ ಕರೆಯುವುದುಂಟು. ‘ಮೆರೆ’ ಎಂಬ ಧಾತುವಿನಿಂದಲೇ ‘ಮೆರವಣಿಗೆ’ ಬಂದಿದೆ. ‘ಪ್ರತಿಷ್ಠೆ’ಯ ಮೂಲಾರ್ಥ ನೆಲೆನಿಲ್ಲುವುದು, ದೇವರ ಮೂರ್ತಿಗೆ ಆಗುವುದೂ ಪ್ರತಿಷ್ಠೆಯೇ. ‘ಅಂತಸ್ತು’ ಎಂಬುದಂತೂ ಕಟ್ಟಡದ ಮಹಡಿಗೂ ಮನುಷ್ಯನ ಸ್ಥಾನಮಾನಕ್ಕೂ ಒಂದೇ ಪದ. ಮುಂಬಯಿಯಲ್ಲಿ ಒಂದೇ ಕುಟುಂಬದ ವಾಸಕ್ಕಾಗಿ 27 ಅಂತಸ್ತುಗಳ ಮನೆ ಎದ್ದಿರುವುದನ್ನು ಹೇಳಿದಾಗ ಪದದ ಎರಡೂ ಅರ್ಥಗಳು ಮಕ್ಕಳಿಗೆ ಒಟ್ಟಿಗೆ ಹೊಳೆಯುತ್ತವೆ. ಆಯಾ ಪ್ರದೇಶದ ಮನೆಮಾತಿನಲ್ಲಿ ಇಂಥ ಪದಗಳು ಇನ್ನೂ ಇರುತ್ತವೆ. ಮರಾಠಿ, ತೆಲುಗು, ತಮಿಳು, ಮಲಯಾಳದಿಂದ ಬಂದು ಸೇರಿದವನ್ನೂ ಹೊರಗಿಡದೆ ಸಂಗ್ರಹಿಸಬೇಕು.

ಬೋಧಿಸುವಾಗ

‘ನಿಮ್ಮ ಮನೆಯಲ್ಲಿ ಏನೇನಿದೆ’ ಎಂಬ ಪ್ರಶ್ನೆಯನ್ನು ಈ ಪಾಠದಲ್ಲಿ ಕೇಳಲೇಬಾರದು. ಅದು ತರಗತಿಯನ್ನು ಕ್ಷಣಾರ್ಧದಲ್ಲಿ ಇರುವವರು, ಇಲ್ಲದವರು ಎಂದು ಸಾಲಾಗಿ ನಿಲ್ಲಿಸಿಬಿಡುತ್ತದೆ. ಬದಲಾಗಿ, ಮನೆಯ ಹಿರಿಯರೊಬ್ಬರ ಬಳಿ ಕುಳಿತು, ತಮ್ಮ ಊರಿಗೆ ಮೊದಲ ಗಡಿಯಾರವೋ ರೇಡಿಯೋವೋ ಸೈಕಲ್ಲೋ ಬಂದಾಗ ಜನ ಏನೆಂದರು ಎಂಬುದನ್ನು ಕೇಳಿ, ಅವರ ಮಾತಿನಲ್ಲಿಯೇ ಒಂದು ಪುಟ ಬರೆದು ತರಲು ಹೇಳಬಹುದು. ಇಲ್ಲದವರ ಮನೆಯಲ್ಲೂ ಹೇಳಲು ಕಥೆಯಿರುತ್ತದೆ.

ಚರ್ಚೆ ಬೆಳೆದಂತೆ ಮಕ್ಕಳು ಶಾಲೆಯ ವಿಷಯಕ್ಕೆ ಬಂದೇ ಬರುತ್ತಾರೆ. ಹಳದಿ ಬಣ್ಣದ ವ್ಯಾನು, ಕೊರಳಿಗೆ ಟೈ, ಇಂಗ್ಲಿಷ್ ಹೆಸರಿನ ಶಾಲೆ ಇವೂ ಊರಿನಲ್ಲಿ ಅಂತಸ್ತಿನ ಗುರುತುಗಳೇ. ಅವುಗಳ ಎದುರು ಕನ್ನಡ ಮಾಧ್ಯಮದ ಮಗು ತನ್ನನ್ನು ತಾನು ‘ಜನತಾ’ ಮಾದರಿಯೆಂದು ಎಣಿಸಿಕೊಳ್ಳುವ ಸಂಭವವುಂಟು. ಆ ಶಾಲೆಯಲ್ಲಿ ಕಲಿಕೆ ಎಷ್ಟು, ಹೇಳಿಕೆ ಎಷ್ಟು ಎಂದು ಗಡಿಯಾರಕ್ಕೆ ಹಾಕಿದ ಪ್ರಶ್ನೆಯನ್ನೇ ಇಲ್ಲಿಯೂ ಹಾಕಲು ಅವರಿಗೆ ಅವಕಾಶ ಕೊಡಬೇಕು. ಅದೇ ಪ್ರಶ್ನೆಯನ್ನು ತಮ್ಮ ಶಾಲೆಗೂ ಹಾಕಿಕೊಳ್ಳಲು ಬಿಡಬೇಕು. ಕನ್ನಡ ಶಾಲೆ ಎಂಬ ಹೆಸರು ಮಾತ್ರದಿಂದ ಕಲಿಕೆ ಆಗಿಬಿಡುವುದಿಲ್ಲ. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು, ‘ಸರ್, ನಿಮ್ಮ ಮಗ ಯಾವ ಶಾಲೆಗೆ ಹೋಗ್ತಾನೆ?’ ಎಂದು ಕೇಳಿದರೆ ಅದನ್ನು ಉದ್ಧಟತನವೆಂದು ಕೂರಿಸಬಾರದು. ಪಾಠವನ್ನು ಸರಿಯಾಗಿ ಗ್ರಹಿಸಿದ ವಿದ್ಯಾರ್ಥಿಯ ಪ್ರಶ್ನೆ ಅದು. ಉತ್ತರ ಏನೇ ಇರಲಿ, ಶಿಕ್ಷಕರು ಅದನ್ನು ಇದ್ದಂತೆ ಹೇಳಿ, ಆ ಆಯ್ಕೆಯ ಕಾರಣಗಳನ್ನೂ ಕರಿಹಲಗೆಯ ಮೇಲೆ ಬರೆದು ಚರ್ಚೆಗೆ ಒಡ್ಡುವುದು ಉಚಿತ.