ಗಣಕದಿಂದ ಗಣಕಕ್ಕೆ ನೇರ ಸಂಪರ್ಕ: ತೊಡಕುಗಳು ಮತ್ತು ಪರಿಹಾರ

ಗಣಕಯಂತ್ರಗಳ ಜಾಲದಲ್ಲಿ ಸಾಮಾನ್ಯವಾಗಿ ಒಂದು ಸರ್ವರ್ ಇದ್ದು, ಉಳಿದ ಯಂತ್ರಗಳು ಅದರಿಂದ ಮಾಹಿತಿ ಪಡೆಯುತ್ತವೆ. ಪೀರ್-ಟು-ಪೀರ್ ಎಂಬ ವ್ಯವಸ್ಥೆಯಲ್ಲಿ ಇಂತಹ ಯಜಮಾನ ಯಂತ್ರ ಇರುವುದಿಲ್ಲ. ಪ್ರತಿ ಗಣಕವೂ ಕೊಡುತ್ತದೆ, ಪಡೆಯುತ್ತದೆ. 2001ರಲ್ಲಿ ಬಂದ ಬಿಟ್‌ಟೊರೆಂಟ್ ಈ ಬಗೆಯದು. 2013ರಲ್ಲಿ ಬಿಡುಗಡೆಯಾದ ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶವು ಇದೇ ತತ್ತ್ವದ ಮೇಲೆ, ಎರಡು ಊರುಗಳಲ್ಲಿರುವ ಗಣಕಗಳ ಕಡತಗಳನ್ನು ಒಂದೇ ರೀತಿ ಇರಿಸುತ್ತದೆ.

ಬೀದರ್, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದುದರಿಂದ, ಈ ನಗರದ ಕನ್ನಡ ಕುಟುಂಬಗಳಿಗೆ ಅಲ್ಲಿನ ನಂಟು ಹಳೆಯದು. ಹೊಲದ ಕಾಗದಪತ್ರಗಳು ಒಂದೂರಿನಲ್ಲಿ, ಹಿರಿಯರ ಭಾವಚಿತ್ರಗಳು ಇನ್ನೊಂದೂರಿನಲ್ಲಿ ಇರುವುದುಂಟು. ಕಾಚಿಗುಡದ ಒಂದು ಮನೆಯವರು ಇವುಗಳ ಪ್ರತಿಗಳನ್ನು ರಾಯಚೂರಿನ ಬಂಧುಗಳೊಡನೆ ಸಿಂಕ್‌ಥಿಂಗ್ ಮೂಲಕ ಹಂಚಿಕೊಳ್ಳಲು ಬಯಸಿದರೆಂದು ಭಾವಿಸೋಣ. ತಂತ್ರಾಂಶವನ್ನು ಸ್ಥಾಪಿಸಿದ್ದಾಗಿದೆ, ಆದರೆ ಸಂಪರ್ಕ ಕೂಡುತ್ತಿಲ್ಲ.

ಮೊದಲು ನೋಡಬೇಕಾದುದು ಪರಸ್ಪರ ಒಪ್ಪಿಗೆ. ಪ್ರತಿ ಗಣಕಕ್ಕೂ ಈ ತಂತ್ರಾಂಶವು ಒಂದು ಉದ್ದನೆಯ ಗುರುತುಸಂಖ್ಯೆಯನ್ನು ನೀಡುತ್ತದೆ. ಕಾಚಿಗುಡದವರು ರಾಯಚೂರಿನ ಸಂಖ್ಯೆಯನ್ನು ಸೇರಿಸಿದರಷ್ಟೇ ಸಾಲದು, ಅತ್ತ ಕಡೆಯವರೂ ಇವರನ್ನು ಒಪ್ಪಬೇಕು. ಕಡತಕೋಶಕ್ಕೂ ಇಂತಹುದೇ ಒಪ್ಪಿಗೆ ಪ್ರತ್ಯೇಕವಾಗಿ ಬೇಕು. ಗಣಕದ ದಿನಾಂಕವನ್ನೂ ಪರಿಶೀಲಿಸಬೇಕು. ಗಡಿಯಾರ ತಪ್ಪಿದ್ದರೆ ಸುರಕ್ಷಿತ ಸಂಪರ್ಕಗಳು ಅನೇಕ ಬಾರಿ ನಿರಾಕೃತವಾಗುತ್ತವೆ.

ಬಳಿಕ, ಸಾಧ್ಯವಾದರೆ, ಎರಡೂ ಗಣಕಗಳನ್ನು ಒಂದೇ ಮನೆಯ ರೌಟರ್‌ಗೆ ಜೋಡಿಸಿ ನೋಡುವುದು ಉತ್ತಮ. ಅಲ್ಲಿ ಸಂಪರ್ಕ ಕೂಡಿದರೆ ತಂತ್ರಾಂಶ ಸರಿಯಿದೆ, ದೋಷ ದಾರಿಯಲ್ಲಿದೆ ಎಂದು ತಿಳಿಯುತ್ತದೆ. ಕೂಡದಿದ್ದರೆ ಫೈರ್‌ವಾಲ್ ಅನ್ನು ನೋಡಬೇಕು. ಹಲವರು ಬೇಸತ್ತು ಫೈರ್‌ವಾಲ್ ಅನ್ನೇ ಆರಿಸಿಬಿಡುತ್ತಾರೆ. ಇದು ಬೀಗದ ಕೈ ತಿರುಗುತ್ತಿಲ್ಲವೆಂದು ಬಾಗಿಲನ್ನೇ ಕಿತ್ತುಹಾಕಿದಂತೆ. ಸಿಂಕ್‌ಥಿಂಗ್‌ಗೆ ಬೇಕಾದುದು 22000ನೆಯ ಪೋರ್ಟ್. ಮನೆಯೊಳಗಿನ ಗಣಕಗಳನ್ನು ಗುರುತಿಸಲು 21027. ಇವುಗಳಿಗೆ ಮಾತ್ರ ಅನುಮತಿ ಕೊಟ್ಟರೆ ಸಾಕು.

ಮನೆಯಲ್ಲಿ ಕೂಡಿದ ಗಣಕಗಳು ಊರಿಂದೂರಿಗೆ ಕೂಡದಿರುವುದಕ್ಕೆ ಕಾರಣ ಬಹುಮಟ್ಟಿಗೆ ವಿಳಾಸದ ಕೊರತೆ. ಅಂತರ್ಜಾಲದ ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಏಷ್ಯಾ-ಪೆಸಿಫಿಕ್ ಪ್ರದೇಶದ ಮುಕ್ತ ದಾಸ್ತಾನು 2011ರ ಏಪ್ರಿಲ್‌ನಲ್ಲಿ ಮುಗಿಯಿತು. ಆದುದರಿಂದ ಸೇವಾ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವುದುಂಟು. ದೊಡ್ಡ ವಸತಿ ಸಮುಚ್ಚಯದ ಮುಖ್ಯದ್ವಾರಕ್ಕೆ ಒಂದೇ ಬಾಗಿಲು ಸಂಖ್ಯೆಯಿದ್ದು, ಒಳಗಿನ ಮನೆಗಳಿಗೆ ಸಂಖ್ಯೆಯೇ ಇಲ್ಲದಿದ್ದರೆ ಅಂಚೆಯವನ ಸ್ಥಿತಿ ಏನಾದೀತು? ಹೊರಗೆ ಹೋದ ಪತ್ರಕ್ಕೆ ಉತ್ತರ ಬರುತ್ತದೆ. ಹೊರಗಿನವರು ತಾವಾಗಿ ಬರೆದ ಪತ್ರ ಒಳಗೆ ತಲುಪದು.

ಇದನ್ನು ಕಂಡುಕೊಳ್ಳುವುದು ಸುಲಭ. ರೌಟರ್‌ನ ಪುಟದಲ್ಲಿ ತೋರುವ ಹೊರವಿಳಾಸವು 100.64 ರಿಂದ 100.127 ರವರೆಗಿನ ಅಂಕಿಗಳಿಂದ ಆರಂಭವಾದರೆ ಅದು ಹಂಚಿಕೆಯ ವಿಳಾಸ. 2012ರಲ್ಲಿ ಈ ಶ್ರೇಣಿಯನ್ನು ಇದಕ್ಕೆಂದೇ ಮೀಸಲಿಡಲಾಯಿತು. 10 ಅಥವಾ 192.168 ರಿಂದ ಆರಂಭವಾದರೂ ಅದು ಸಾರ್ವಜನಿಕ ವಿಳಾಸವಲ್ಲ. ಇಂತಹ ಸಂದರ್ಭದಲ್ಲಿ ರೌಟರ್‌ನಲ್ಲಿ ಪೋರ್ಟ್ ತೆರೆಯಲು ಗಂಟೆಗಟ್ಟಲೆ ಹೆಣಗುವುದು ವ್ಯರ್ಥ, ಏಕೆಂದರೆ ಮುಚ್ಚಿರುವ ದ್ವಾರ ಕಂಪನಿಯ ಬಳಿ ಇದೆ. ಇಬ್ಬರಲ್ಲಿ ಒಬ್ಬರಿಗೆ ಸಾರ್ವಜನಿಕ ವಿಳಾಸವಿದ್ದು, ಅಲ್ಲಿ ಪೋರ್ಟ್ ತೆರೆದಿದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಎರಡೂ ಕಡೆ ಐಪಿವಿ6 ಎಂಬ ಹೊಸ ಪದ್ಧತಿಯ ವಿಳಾಸಗಳಿದ್ದರೆ ಈ ಹಂಚಿಕೆಯ ತೊಡಕೇ ಇರುವುದಿಲ್ಲ, ರೌಟರ್‌ನ ಫೈರ್‌ವಾಲ್ ಮಾತ್ರ ಆಗಲೂ ಅಡ್ಡಬರಬಹುದು.

ಇವಾವುವೂ ಒದಗದಿದ್ದಾಗ ಸಿಂಕ್‌ಥಿಂಗ್ ತಾನಾಗಿಯೇ ಮಧ್ಯವರ್ತಿ ಸರ್ವರ್ ಒಂದರ ಮೂಲಕ ಕಡತಗಳನ್ನು ಸಾಗಿಸುತ್ತದೆ. ವೇಗ ಕಡಿಮೆ, ಆದರೆ ಕಡತಗಳು ಗೂಢಲಿಪಿಯಲ್ಲಿರುವುದರಿಂದ ಮಧ್ಯವರ್ತಿಗೆ ಅವನ್ನು ಓದಲಾಗದು.

ಸಂಪರ್ಕ ಕೂಡುವ ಮುನ್ನವೇ ಎಲ್ಲ ಕಾಗದಪತ್ರಗಳ ಒಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ತೆಗೆದಿರಿಸುವುದು ಅವಶ್ಯಕ. ಈ ತಂತ್ರಾಂಶ ಎರಡೂ ಕಡೆ ಒಂದೇ ಸ್ಥಿತಿಯನ್ನು ಕಾಯುತ್ತದೆ. ಆದ್ದರಿಂದ ರಾಯಚೂರಿನಲ್ಲಿ ಕೈತಪ್ಪಿ ಅಳಿಸಿದ ಕಡತ ಕಾಚಿಗುಡದಲ್ಲಿಯೂ ಅಳಿಯುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಇದರಲ್ಲಿದೆ, ಆದರೆ ಬಳಕೆದಾರರು ಆರಿಸದ ಹೊರತು ಅದು ಕೆಲಸ ಮಾಡುವುದಿಲ್ಲ.