ಸೇನೆಗೆ ಹೊರಟ ತಂಗಿಗೆ

ತಂಗಿ, ದಂಡನಾಯಕ ಕನಕನ ಕಾಗಿನೆಲೆಯಿಂದ ನೀನೂ ದಂಡಿಗೆ ಹೊರಟಿದ್ದೀಯ. ಓಟ, ಎತ್ತರ, ಪರೀಕ್ಷೆಯ ಬಗ್ಗೆ ಹತ್ತು ಜನ ಹೇಳಿರುತ್ತಾರೆ. ಮುಟ್ಟು, ಬಸಿರು, ಬಾಣಂತನದ ಮಾತನ್ನು ಯಾರೂ ಎತ್ತಿರಲಿಕ್ಕಿಲ್ಲ.

ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ 83 ಮಹಿಳಾ ಜವಾನರ ಮೊದಲ ತಂಡ ತರಬೇತಿ ಮುಗಿಸಿದ್ದು 2021ರ ಮೇ ತಿಂಗಳಲ್ಲಿ. ಅಧಿಕಾರಿಗಳಿಗಿದ್ದ ಹೆರಿಗೆ ರಜೆಯ ನಿಯಮ ಇಂಥ ಜವಾನರಿಗೂ ಅನ್ವಯಿಸಲಿ ಎಂದು ರಕ್ಷಣಾ ಸಚಿವರು ಒಪ್ಪಿದ್ದು 2023ರ ನವೆಂಬರಿನಲ್ಲಿ: ಪೂರ್ಣ ಸಂಬಳದ 180 ದಿನ, ಎರಡು ಮಕ್ಕಳವರೆಗೆ. ಯಾರ ದಯೆಯೂ ಅಲ್ಲ ಇದು, ಅರ್ಜಿ ಬರೆಯುವಾಗ ಅಳುಕಬೇಡ. ಅಗ್ನಿವೀರಳಾಗುವುದಿದ್ದರೆ ಮಾತ್ರ ಸಹಿ ಹಾಕುವ ಮೊದಲು ಮದುವೆ, ಬಸಿರಿನ ಷರತ್ತುಗಳನ್ನು ಕೂತು ಓದು.

ಕಠಿಣ ತರಬೇತಿಯಲ್ಲಿ ಮುಟ್ಟು ಏರುಪೇರಾಗುವುದುಂಟು. ನೋವು ನುಂಗಿಕೊಂಡು ಓಡಬೇಡ, ಯೂನಿಟ್ಟಿನ ವೈದ್ಯರಿಗೆ ಹೇಳು. ರಜೆಗೆ ಬಂದಾಗ ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು. ಬೇಡದ ಬಸಿರು ನಿಂತರೆ ಕದ್ದುಮುಚ್ಚಿ ಅಂಗಡಿಯ ಮಾತ್ರೆ ತಿನ್ನಲೇಬೇಡ. ಮದುವೆಯಾಗದವಳಿಗೂ ಸುರಕ್ಷಿತ ಗರ್ಭಪಾತದ ಹಕ್ಕಿದೆಯೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಗುಟ್ಟಾಗಿಡುವುದು ವೈದ್ಯರ ಮೇಲೆ ಕಾನೂನೇ ಹೊರಿಸಿದ ಹೊಣೆ.

ತಪಾಸಣೆಯ ಚೀಟಿಗಳ ಒಂದೊಂದು ನಕಲನ್ನು ಅವ್ವನ ಟ್ರಂಕಿನಲ್ಲೂ ಇಟ್ಟು ಹೋಗು.